ಹತ್ತು ತಿಂಗಳ ಕಾರು, ಒಳಗಿನಿಂದ ಬೋಳಾದ ಟೈರ್: ಡೀಲರ್ ಹೊಣೆ ಎಲ್ಲಿಂದ ಎಲ್ಲಿಯವರೆಗೆ?

ಪ್ರಶ್ನೆ: ಕಲಬುರಗಿಯಲ್ಲಿ ಹೊಸ ಪೆಟ್ರೋಲ್ ಕಾಂಪ್ಯಾಕ್ಟ್ ಎಸ್‌ಯುವಿ ತಗೊಂಡು ಹತ್ತು ತಿಂಗಳಾಯಿತು, 13,400 ಕಿ.ಮೀ. ಓಡಿದೆ. ದಿನಾ ಶಹಾಬಾದಿಗೆ ಡ್ಯೂಟಿಗೆ ಹೋಗಿಬರುವುದು, ಆಗೊಮ್ಮೆ ಈಗೊಮ್ಮೆ ಹೈದರಾಬಾದ್. ಮೊನ್ನೆ ಪಂಕ್ಚರ್ ಅಂಗಡಿಯಲ್ಲಿ ಗಾಲಿ ಬಿಚ್ಚಿದಾಗ ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಬೋಳಾಗಿರುವುದು ಕಂಡಿತು. ಹೊರಗಿನಿಂದ ನೋಡಿದರೆ ಹೊಸದರಂತಿವೆ. ಅಂಗಡಿಯವರು ಗೇಜ್ ಇಟ್ಟು ಬರೆದುಕೊಟ್ಟ ಟೈರ್ ನಕ್ಷೆಯ (ಟ್ರೆಡ್) ಆಳದ ಲೆಕ್ಕ ಹೀಗಿದೆ: ಮುಂದಿನ ಎಡ ಟೈರ್ ಹೊರಗೆ 5.4, ನಡುವೆ 5.3, ಒಳಗೆ 1.4 ಮಿ.ಮೀ.; ಮುಂದಿನ ಬಲ ಟೈರ್ 5.4, 5.2, 1.9, ಹಿಂದಿನ ಎರಡೂ ಎಲ್ಲ ಕಡೆ 6.4ರ ಆಸುಪಾಸು. ಡೆಲಿವರಿ ದಿನದಿಂದಲೂ ನೇರ ರಸ್ತೆಯಲ್ಲಿ ಸ್ಟಿಯರಿಂಗ್ ತುಸು ಎಡಕ್ಕೆ ವಾಲಿರುತ್ತದೆ. ಮೊದಲ ಸರ್ವಿಸಿನಲ್ಲಿ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ‘ಓಡ್ತಾ ಓಡ್ತಾ ಸೆಟ್ ಆಗ್ತದ್ರಿ’ ಅಂದಿದ್ದರು. 10,000ದ ಸರ್ವಿಸ್ ಬಿಲ್ಲಿನಲ್ಲಿ ಗಾಲಿಗಳ ಕೋನ ಹೊಂದಿಸುವ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ಟೈರ್ ಹಿಂದು ಮುಂದು ಬದಲಿಸುವ ರೊಟೇಷನ್ ಮೂರಕ್ಕೂ ಹಣ ಹಿಡಿದಿದ್ದಾರೆ. ಈಗ ಕೇಳಿದರೆ ‘ಟೈರ್ ವಾರಂಟಿಯೊಳಗ ಬರಂಗಿಲ್ರಿ, ನಮ್ಮ ಕಡೆ ರಸ್ತೆ ಹಂಗ ಅವ, ನೀವೂ ಜೋರು ಓಡಿಸ್ತೀರಿ’ ಅನ್ನುತ್ತಾರೆ. ಎರಡು ಟೈರಿಗೆ 16 ಸಾವಿರ ರೂಪಾಯಿ. ಇದು ಡೀಲರ್ ಹೊಣೆ ಅಲ್ಲವೇ?

ಉತ್ತರ: ಉಳಿದದ್ದಕ್ಕಿಂತ ಮೊದಲು ಎರಡು ಕೆಲಸ ತಡೆಯಿರಿ. ಆ ಟೈರ್‌ಗಳನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಅಲೈನ್‌ಮೆಂಟನ್ನೂ ಈಗಲೇ ಸರಿಮಾಡಿಸಬೇಡಿ. ನಿಮ್ಮ ಕೈಯಲ್ಲಿರುವ ಸಾಕ್ಷಿ ಈ ಎರಡೇ. ಪಾನಾ ಒಂದು ಸುತ್ತು ತಿರುಗಿದರೆ ಅರ್ಧ ಸಾಕ್ಷಿ ಹೋಯಿತು, ಟೈರ್ ಹಳೆ ಮಾಲಿನ ರಾಶಿಗೆ ಬಿದ್ದರೆ ಉಳಿದರ್ಧವೂ ಹೋಯಿತು.

ಡೀಲರ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಕಾರು ಕಂಪನಿಯ ವಾರಂಟಿ ಪುಸ್ತಕದಲ್ಲಿ ಟೈರನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಅದರ ಹೊಣೆ ಟೈರ್ ಕಂಪನಿಯದು. ಟೈರ್ ಕಂಪನಿಯಾದರೂ ತಯಾರಿಕೆಯ ದೋಷಕ್ಕೆ ಮಾತ್ರ ಪರಿಹಾರ ಕೊಡುತ್ತದೆ, ಸವೆತಕ್ಕಲ್ಲ. ಹಾಗಾಗಿ ‘ಟೈರ್ ಸವೆದಿದೆ, ಬದಲಿಸಿ ಕೊಡಿ’ ಎಂದು ಕೇಳಿದರೆ ಎರಡೂ ಬಾಗಿಲು ಮುಚ್ಚಿಕೊಳ್ಳುತ್ತವೆ. ನೀವು ಕೇಳಬೇಕಾದ್ದು ಬೇರೆ: ಟೈರನ್ನು ತಿಂದದ್ದು ಯಾವ ಸೆಟ್ಟಿಂಗ್ ಅಥವಾ ಯಾವ ಭಾಗ, ಮತ್ತು 10,000 ಕಿ.ಮೀ.ಗೆ ಹಣ ಪಡೆದು ಮಾಡಿದ ಕೆಲಸ ಏನು? ಸ್ಟಿಯರಿಂಗ್, ಸಸ್ಪೆನ್ಷನ್ ಭಾಗಗಳು ವಾಹನದ ವಾರಂಟಿಯೊಳಗೇ ಇವೆ. ಬಿಲ್ ಮಾಡಿದ ಕೆಲಸಕ್ಕೆ ವಾರಂಟಿಯ ಮಾತೇ ಬೇಕಿಲ್ಲ, ಅದು ಸೇವೆಯ ಲೆಕ್ಕ.

ಈಗ ಟೈರ್ ಏನು ಹೇಳುತ್ತಿದೆ ನೋಡೋಣ. ಹವಾ ಕಡಿಮೆಯಿದ್ದರೆ ಎರಡೂ ಅಂಚು ಸವೆಯುತ್ತವೆ, ಹೆಚ್ಚಾದರೆ ನಡುಭಾಗ ಸವೆಯುತ್ತದೆ. ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಅಥವಾ ಬ್ಯಾಲೆನ್ಸ್ ತಪ್ಪಿದ್ದರೆ ಅಲ್ಲಲ್ಲಿ ಬಟ್ಟಲಿನಂಥ ಹಳ್ಳ ಬೀಳುತ್ತದೆ, ಗಡಗಡ ಸದ್ದೂ ಬರುತ್ತದೆ. ಒಳ ಅಂಚು ಮಾತ್ರ ಸವೆದಿದ್ದರೆ ಕಾರಣ ಎರಡರಲ್ಲಿ ಒಂದು. ಗಾಲಿಯ ತಲೆ ಒಳಕ್ಕೆ ವಾಲಿರಬೇಕು, ಇದು ನೆಗೆಟಿವ್ ಕ್ಯಾಂಬರ್ ಹೆಚ್ಚಾದಾಗ ಆಗುವುದು. ಇಲ್ಲವೇ ಎರಡೂ ಗಾಲಿಗಳ ಮೂತಿ ಹೊರಕ್ಕೆ ತಿರುಗಿರಬೇಕು, ಇದಕ್ಕೆ ಟೋ-ಔಟ್ ಎನ್ನುತ್ತಾರೆ. ಇವೆರಡನ್ನು ಬೇರ್ಪಡಿಸಲು ಯಂತ್ರವೇ ಬೇಕೆಂದಿಲ್ಲ, ಅಂಗೈ ಸಾಕು. ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ ನಿಲ್ಲಿಸಿ. ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಕ್ಕೆ ಅಡ್ಡಡ್ಡ ಸವರಿ, ಆಮೇಲೆ ಒಳಗಿನಿಂದ ಹೊರಕ್ಕೆ ಸವರಿ. ಎರಡೂ ದಿಕ್ಕಿಗೆ ಒಂದೇ ರೀತಿ ನುಣುಪಾಗಿದ್ದರೆ ಕ್ಯಾಂಬರ್ ಮೇಲೆ ಸಂಶಯ. ಒಂದು ದಿಕ್ಕಿಗೆ ನುಣುಪು, ಇನ್ನೊಂದಕ್ಕೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ. ಹೊರಗಿನಿಂದ ಒಳಕ್ಕೆ ಬರುವಾಗ ಚುಚ್ಚಿದರೆ ಟೋ-ಔಟ್, ಒಳಗಿನಿಂದ ಹೊರಕ್ಕೆ ಹೋಗುವಾಗ ಚುಚ್ಚಿದರೆ ಟೋ-ಇನ್. ಬೋಳಾದ ಅಂಚಿನಲ್ಲಿ ಇದು ತಿಳಿಯದು. ಇನ್ನೂ ನಕ್ಷೆ ಉಳಿದಿರುವ ನಡುಪಟ್ಟಿಗಳ ಮೇಲೆ ಕೈಯಾಡಿಸಬೇಕು. ತಂತಿ ಹೊರಬಂದಿದ್ದರೆ ಕೈ ಕೊಯ್ಯುತ್ತದೆ, ಮೊದಲು ಕಣ್ಣಲ್ಲಿ ನೋಡಿ.

ನಿಮ್ಮ ಅಳತೆಗಳು ಟೋ ಕಡೆಗೇ ಬೆರಳು ತೋರುತ್ತಿವೆ. ಕ್ಯಾಂಬರ್ ಕೆಡುವುದು ಹೆಚ್ಚಾಗಿ ಒಂದು ಗಾಲಿಯಲ್ಲಿ, ಆಗ ಒಂದೇ ಟೈರ್ ಹಾಳಾಗುತ್ತದೆ. ಟೋ ಕೆಟ್ಟರೆ ಗಾಡಿ ಓಡುವಾಗ ಎರಡೂ ಮುಂಗಾಲಿಗಳು ಆ ತಪ್ಪನ್ನು ಹೆಚ್ಚುಕಡಿಮೆ ಸಮವಾಗಿ ಹಂಚಿಕೊಳ್ಳುತ್ತವೆ, ಎರಡೂ ಸವೆಯುತ್ತವೆ. ಸ್ಟಿಯರಿಂಗನ್ನು ಗಾಲಿಗೆ ಜೋಡಿಸುವ ಎಡ ಬಲ ಟೈ ರಾಡ್‌ಗಳ ಉದ್ದದಲ್ಲಿ ವ್ಯತ್ಯಾಸವಿದ್ದರೆ ನೇರ ಹೋಗುವಾಗ ಸ್ಟಿಯರಿಂಗ್ ವಾಲುತ್ತದೆ. ನಿಮ್ಮ ಕಾರಿನಲ್ಲಿ ಎರಡು ಲಕ್ಷಣಗಳೂ ಇವೆ. ಅಂದಹಾಗೆ, ಸ್ಟಿಯರಿಂಗ್ ವಾಲುವುದು ಓಡುತ್ತಾ ಸರಿಹೋಗುವ ಕಾಯಿಲೆಯಲ್ಲ. ಹಾಗೆ ಹೇಳಿದವರಿಗೆ ಗೊತ್ತಿಲ್ಲ, ಇಲ್ಲವೇ ಅಂದಿನ ಗಾಡಿಗಳ ಸಾಲು ಉದ್ದವಿತ್ತು.

ಟೋ ತಪ್ಪಿನ ಕೆಲಸ ಎಷ್ಟು ಕ್ರೂರ ಎನ್ನುವುದಕ್ಕೆ ಒಂದು ಲೆಕ್ಕ. ಟೈರಿನ ವ್ಯಾಸ ಸುಮಾರು 640 ಮಿ.ಮೀ. ಎನ್ನಿ. ಎರಡೂ ಗಾಲಿ ಸೇರಿ ಟೋ-ಔಟ್ ಬರೀ 5 ಮಿ.ಮೀ. ಇದ್ದರೆ ಪ್ರತಿ ಗಾಲಿ ಕಾಲು ಡಿಗ್ರಿಗಿಂತ ಸ್ವಲ್ಪ ಕಡಿಮೆ ಹೊರಕ್ಕೆ ತಿರುಗಿರುತ್ತದೆ. ಕಣ್ಣಿಗೆ ಕಾಣದು. ಆದರೆ ಪ್ರತಿ ಕಿಲೋಮೀಟರಿಗೆ ಟೈರ್ ಸುಮಾರು 4 ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. 13,400 ಕಿ.ಮೀ.ಗೆ ಅದು 50 ಕಿ.ಮೀ. ದಾಟುತ್ತದೆ. ಕಲಬುರಗಿಯಿಂದ ಶಹಾಬಾದಿಗೆ ಹೋಗಿಬರುವಷ್ಟು ದಾರಿಯನ್ನು ಟೈರ್ ಉರುಳದೆ ಅಡ್ಡಡ್ಡ ಉಜ್ಜಿಕೊಂಡು ಮುಗಿಸಿದಂತೆ. ಆ ಉಜ್ಜಾಟದ ಮುಖ್ಯ ಪಾಲು ಒಳ ಅಂಚಿನ ಮೇಲೆ ಬೀಳುತ್ತದೆ.

ರಸ್ತೆ ಮತ್ತು ಚಾಲನೆಯ ಮೇಲೆ ಹಾಕಿದ ಆರೋಪಕ್ಕೂ ಟೈರೇ ಉತ್ತರ ಕೊಡುತ್ತದೆ. ಜೋರಾಗಿ ತಿರುವು ತೆಗೆಯುವವರ ಟೈರ್ ಹೊರ ಅಂಚಿನಲ್ಲಿ ಸವೆಯುತ್ತದೆ. ಗಾಡಿ ನಿಂತಲ್ಲೇ ಸ್ಟಿಯರಿಂಗ್ ತಿರುಗಿಸುವ ಚಾಳಿಯೂ ಅಂಚುಗಳನ್ನು ಉಜ್ಜುತ್ತದೆ, ಒಳ ಅಂಚನ್ನಷ್ಟೇ ಆರಿಸಿ ತಿನ್ನುವುದಿಲ್ಲ. ನಿಮ್ಮ ಹೊರ ಅಂಚು 5.4ರಲ್ಲಿ ಕೂತಿದೆ, ನಡುವಿನಷ್ಟೇ ಗಟ್ಟಿಯಾಗಿದೆ. ಹಾಗಾಗಿ ‘ಜೋರು ಓಡಿಸ್ತೀರಿ’ ಎಂಬುದು ನಿಲ್ಲುವ ಮಾತಲ್ಲ.

ರಸ್ತೆಯ ಮಾತನ್ನು ಮಾತ್ರ ಪೂರ್ತಿ ತಳ್ಳಿಹಾಕುವಂತಿಲ್ಲ. ನಮ್ಮ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ಮೇಲೆ ಹಾಸಿದ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಅಂಚಿನಲ್ಲಿ ಕುಸಿಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆಯ ಪರ್ಸಿ (ಹಾಸುಗಲ್ಲು) ಗಣಿ, ಸಿಮೆಂಟ್ ಕಾರ್ಖಾನೆಗಳ ಭಾರದ ಲಾರಿಗಳು ಅದನ್ನು ಇನ್ನಷ್ಟು ಹದಗೆಡಿಸುತ್ತವೆ, ಚೂಪು ಕಲ್ಲನ್ನೂ ಚೆಲ್ಲಿ ಹೋಗುತ್ತವೆ. ದೊಡ್ಡ ತಗ್ಗಿಗೆ ಒಮ್ಮೆ ಜೋರಾಗಿ ಬಿದ್ದರೆ ಟೈ ರಾಡ್ ಅಥವಾ ಗಾಲಿಯನ್ನು ಕೆಳಗಿನಿಂದ ಹಿಡಿದಿಡುವ ಲೋವರ್ ಆರ್ಮ್ ಬಾಗುವುದು ಸಾಧ್ಯ. ಆದರೆ ಹಾಗೆ ಬಿದ್ದದ್ದಕ್ಕೆ ಗುರುತು ಉಳಿಯುತ್ತದೆ. ರಿಮ್ಮಿನ ತುಟಿ ಬಾಗಿರುತ್ತದೆ, ಟೈರಿನ ಪಕ್ಕೆಯಲ್ಲಿ ಉಬ್ಬು ಕಾಣುತ್ತದೆ, ಆರ್ಮಿನ ಬಣ್ಣ ಸೀಳಿರುತ್ತದೆ, ಆ ಒಂದು ಗಾಲಿಯ ಕ್ಯಾಂಬರ್ ಇನ್ನೊಂದಕ್ಕಿಂತ ಬೇರೆ ಬರುತ್ತದೆ. ಅಂಥ ಗುರುತು ಯಾವುದೂ ಇಲ್ಲದಿದ್ದರೆ ‘ತಗ್ಗಿಗೆ ಬಡಿದಿದೆ’ ಎಂಬುದು ಬಾಯಿಮಾತು. ಗುರುತು ಸಿಕ್ಕರೆ ನಿಮ್ಮ ವಾದ ಅಷ್ಟರಮಟ್ಟಿಗೆ ದುರ್ಬಲ, ಅದನ್ನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಹವಾ ಬಗ್ಗೆಯೂ ಅವರು ಕೇಳುತ್ತಾರೆ, ತಯಾರಾಗಿರಿ. ಬಾಗಿಲ ಕಂಬದ ಸ್ಟಿಕರಿನಲ್ಲಿ ಬರೆದ ಹವಾ, 33 ಪಿಎಸ್‌ಐ ಎನ್ನಿ, ತಣ್ಣಗಿನ ಟೈರಿನ ಅಳತೆ, ಮುಂಜಾನೆ ಗಾಡಿ ತೆಗೆಯುವ ಮೊದಲಿನದು. ಮೇ ತಿಂಗಳ ಮಧ್ಯಾಹ್ನ ಶಹಾಬಾದಿನಿಂದ ಬಂದು ಪೆಟ್ರೋಲ್ ಬಂಕಿನಲ್ಲಿ ಹವಾ ನೋಡಿದರೆ ಟೈರಿನೊಳಗಿನ ಗಾಳಿ 60–65 ಡಿಗ್ರಿಯಲ್ಲಿರಬಹುದು. ಆಗ 33ಕ್ಕೆ ಇಳಿಸಿ ಬಂದರೆ ಮರುದಿನ ಬೆಳಿಗ್ಗೆ ಅದೇ ಟೈರ್ 28 ತೋರಿಸುತ್ತದೆ. ನಮ್ಮ ಬಿಸಿಲಿನಲ್ಲಿ ಎಷ್ಟೋ ಟೈರ್‌ಗಳ ಎರಡೂ ಅಂಚು ಬೇಗ ಹೋಗುವುದು ಇದೇ ಕಾರಣಕ್ಕೆ. ಇದರ ಇನ್ನೊಂದು ಮುಖವೂ ಇದೆ. ಕಾರ್ಖಾನೆಯಿಂದ ಲಾರಿಯಲ್ಲಿ ಬರುವ ಹೊಸ ಕಾರಿಗೆ ನಿಂತಲ್ಲೇ ಟೈರ್ ಚಪ್ಪಟೆಯಾಗದಿರಲಿ ಎಂದು ಹೆಚ್ಚು ಹವಾ ಹಾಕಿರುತ್ತಾರೆ. ಡೆಲಿವರಿಗೆ ಮುಂಚಿನ ತಪಾಸಣೆ, ಅಂದರೆ ಪಿಡಿಐಯಲ್ಲಿ, ಡೀಲರ್ ಅದನ್ನು ಇಳಿಸಬೇಕು. ಮರೆತರೆ ನಡುಪಟ್ಟಿ ಸವೆಯುತ್ತದೆ. ನಿಮ್ಮದರಲ್ಲಿ ಎರಡೂ ಅಂಚೂ ಅಲ್ಲ, ನಡುವೂ ಅಲ್ಲ. ಹವಾ ಈ ಕಥೆಯಲ್ಲಿ ಮುಖ್ಯ ಪಾತ್ರವಲ್ಲ.

ನಿಮ್ಮ ಪ್ರಶ್ನೆಯಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ವಿಷಯ ರೊಟೇಷನ್ನಿನ ಬಿಲ್. ಮುಂಗಾಲಿ ಎಳೆಯುವ ಕಾರಿನಲ್ಲಿ ಎಂಜಿನ್ ಭಾರ, ಎಳೆತ, ತಿರುವು, ಬ್ರೇಕಿನ ಹೆಚ್ಚು ಪಾಲು ಎಲ್ಲ ಮುಂದಿನ ಟೈರಿನ ಮೇಲೆ. ಹೊಸ ಟೈರ್ 7.5 ಮಿ.ಮೀ. ಇತ್ತೆಂದು ಹಿಡಿದರೆ (ಸ್ಟೆಪ್ನಿ ಅದೇ ಮಾದರಿಯದಾಗಿದ್ದರೆ, ಬಳಸದೇ ಇದ್ದರೆ, ಅದನ್ನೇ ಅಳೆದು ಖಚಿತಪಡಿಸಿಕೊಳ್ಳಿ) ನಿಮ್ಮ ಮುಂದಿನವುಗಳ ನಡುಭಾಗ 2.2 ಮಿ.ಮೀ. ಸವೆದಿದೆ, ಹಿಂದಿನವು 1.1. 10,000ಕ್ಕೆ ಹಿಂದು ಮುಂದು ಬದಲಿಸಿದ್ದರೆ ಈಗ ಹಿಂದಿರುವವು ಮೊದಲ 10,000 ಕಿ.ಮೀ. ಮುಂದೆ ದುಡಿದವಾಗಿರಬೇಕಿತ್ತು, ಅವೇ ಹೆಚ್ಚು ಸವೆದಿರಬೇಕಿತ್ತು. ಲೆಕ್ಕ ಹಾಕಿದರೆ ಹಿಂದಿನವು 1.9ರಷ್ಟು, ಮುಂದಿನವು 1.4ರಷ್ಟು ಸವೆದಿರಬೇಕು. ನಿಮ್ಮಲ್ಲಿ ಅದು ತಿರುವುಮುರುವು. ಅಷ್ಟೇ ಅಲ್ಲ, ವಾಲಿದ ಸ್ಟಿಯರಿಂಗಿನ ಕಾರಿನಲ್ಲಿ ಮುಂದೆ ದುಡಿದ ಟೈರಿನ ಒಳ ಅಂಚು 6.4ರಲ್ಲಿ ಉಳಿಯುವುದು ಹೇಗೆ? ಹಣ ಪಡೆದ ಮೂರು ಕೆಲಸಗಳಲ್ಲಿ ಒಂದಂತೂ ಆಗಿಲ್ಲ ಎಂದು ನಾಲ್ಕು ಟೈರ್‌ಗಳೂ ಹೇಳುತ್ತಿವೆ. ಒಂದು ಆಗದಿದ್ದರೆ ಉಳಿದ ಎರಡು ಆಗಿವೆಯೇ ಎಂಬ ಪ್ರಶ್ನೆ ತಾನಾಗಿ ಬರುತ್ತದೆ.

ಅದನ್ನು ನೋಡಲು ಗಾಡಿಯನ್ನು ಹಾಯಿಸ್ಟ್ ಮೇಲೆ ಎತ್ತಿಸಿ, ಟೈ ರಾಡ್ ತುದಿಯ ಲಾಕ್ ನಟ್ ಹತ್ತಿರ ಮೊಬೈಲ್ ಟಾರ್ಚ್ ಹಿಡಿಯಿರಿ. ಟೋ ಬದಲಿಸಬೇಕೆಂದರೆ ಈ ನಟ್ ಸಡಿಲಿಸಿ ರಾಡ್ ತಿರುಗಿಸಲೇಬೇಕು. ಕೆಲವು ಕಾರುಗಳಲ್ಲಿ ಕಾರ್ಖಾನೆಯವರು ನಟ್ ಬಿಗಿಮಾಡಿದ ಮೇಲೆ ಅಡ್ಡಲಾಗಿ ಬಣ್ಣದ ಒಂದು ಗೀರು ಎಳೆದಿರುತ್ತಾರೆ. ಗೀರು ನಟ್ಟಿನಿಂದ ರಾಡಿಗೆ ಮುರಿಯದೆ ಹಾದಿದ್ದರೆ, ರಾಡಿನ ಸ್ಕ್ರೂ ಎಳೆಗಳ ಮೇಲೆ ಹತ್ತು ತಿಂಗಳ ಧೂಳು, ಎಣ್ಣೆ ಮೆತ್ತಿಕೊಂಡಿದ್ದರೆ, ಪಾನಾದ ಹೊಳೆಯುವ ಕಚ್ಚು ಇಲ್ಲದಿದ್ದರೆ ಅಲ್ಲಿ ಯಾರೂ ಕೈ ಹಾಕಿಲ್ಲ. ‘ಯಂತ್ರದಲ್ಲಿ ನೋಡಿದೆವು, ಸರಿಯಿತ್ತು, ಮುಟ್ಟಲಿಲ್ಲ’ ಎಂಬ ಉತ್ತರ ಬರಬಹುದು. ಆಗ ಆ ದಿನದ ಪ್ರಿಂಟ್ ಕೇಳಿ. ಅಲೈನ್‌ಮೆಂಟ್ ಯಂತ್ರಗಳು ಸಾಮಾನ್ಯವಾಗಿ ಗಾಡಿ ನಂಬರಿನ ಮೇಲೆ ದಾಖಲೆ ಉಳಿಸಿಕೊಳ್ಳುತ್ತವೆ. ಇದೇ ಹೊತ್ತಿಗೆ ಎಡ ಬಲ ಎರಡೂ ಕಡೆ ನಟ್ಟಿನಾಚೆ ಕಾಣುವ ಎಳೆಗಳನ್ನು ಎಣಿಸಿ. ಎರಡೂ ಹೆಚ್ಚುಕಡಿಮೆ ಸಮವಿರಬೇಕು. ನಾಲ್ಕೈದು ಎಳೆ ವ್ಯತ್ಯಾಸವಿದ್ದರೆ ಸ್ಟಿಯರಿಂಗ್ ಏಕೆ ವಾಲಿದೆ ಎಂಬುದು ಅಲ್ಲೇ ಗೊತ್ತಾಯಿತು. ದಿನಾಂಕ ಬೀಳುವಂತೆ ಫೋಟೋ ತೆಗೆಯಿರಿ, ನಂಬರ್ ಪ್ಲೇಟ್ ಸೇರಿ ಒಂದು, ಹತ್ತಿರದಿಂದ ಒಂದು.

ಮುಂದಿನ ಹೆಜ್ಜೆ ಅಳತೆ. ಡೀಲರ್ ಅಲ್ಲದ ಕಡೆ, ನಾಲ್ಕೂ ಗಾಲಿ ಅಳೆಯುವ 3ಡಿ ಯಂತ್ರವಿರುವ ಅಂಗಡಿಗೆ ಹೋಗಿ. ಮೊದಲು ನಾಲ್ಕೂ ಟೈರಿನ ಹವಾ ಸಮ ಮಾಡಿಸಿ. ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ತುದಿ ಸಡಿಲವಿದೆಯೇ ನೋಡಿಸಿ, ಏಕೆಂದರೆ ಸಡಿಲ ಭಾಗದ ಮೇಲೆ ಅಳೆದ ಸಂಖ್ಯೆಗೆ ಬೆಲೆಯಿಲ್ಲ. ಆಮೇಲೆ ‘ಅಳತೆ ಮಾತ್ರ, ಪಾನಾ ಹಚ್ಚಬೇಡಿ’ ಎಂದು ಗಟ್ಟಿಯಾಗಿ ಹೇಳಿ ಪ್ರಿಂಟ್ ತಗೊಳ್ಳಿ. ಹೊರಗೆ ಸರಿಮಾಡಿಸಿಕೊಂಡು ಬಂದರೆ ‘ಬೇರೆಯವರು ಕೈಹಾಕಿದ್ದಾರೆ’ ಎಂದು ಡೀಲರ್ ಕೈ ತೊಳೆದುಕೊಳ್ಳುತ್ತಾರೆ. ಪ್ರಿಂಟಿನಲ್ಲಿ ಗಾಡಿ ನಂಬರ್, ಕಿ.ಮೀ., ದಿನಾಂಕ, ಆಯ್ಕೆ ಮಾಡಿದ ಕಾರಿನ ಮಾದರಿ ಸರಿಯಿವೆಯೇ ನೋಡಿ. ತಪ್ಪು ಮಾದರಿ ಆರಿಸಿದ್ದರೆ ಹಸಿರು (ಮಿತಿಯೊಳಗೆ), ಕೆಂಪು (ಮಿತಿ ಮೀರಿದೆ) ಬಣ್ಣಗಳಿಗೆ ಅರ್ಥವೇ ಇಲ್ಲ.

ಪ್ರಿಂಟ್ ಓದುವುದು ಕಷ್ಟವಲ್ಲ. ಮುಂದಿನ ಟೋ ಮಾತ್ರ ಕೆಂಪು, ಕ್ಯಾಂಬರ್ ಎಡ ಬಲ ಸಮವಾಗಿ ಹಸಿರು ಎಂದರೆ ಸೆಟ್ಟಿಂಗ್ ತಪ್ಪು. ಟೈ ರಾಡ್ ನೇರವಾಗಿದೆಯೇ ಎಂದೊಮ್ಮೆ ನೋಡಿದರೆ ಸಾಕು. ಒಂದು ಕಡೆಯ ಕ್ಯಾಂಬರ್ ಕೆಂಪಾಗಿದ್ದರೆ ಭಾಗ ಬಾಗಿದೆ ಅಥವಾ ಜೋಡಣೆಯಲ್ಲೇ ತಪ್ಪಿದೆ. ನಮ್ಮಲ್ಲಿನ ಹೆಚ್ಚಿನ ಸಣ್ಣ ಕಾರುಗಳ ಮುಂಭಾಗದಲ್ಲಿ ತಿರುಗಿಸಿ ಸರಿಮಾಡಬಹುದಾದದ್ದು ಟೋ ಒಂದೇ. ಕ್ಯಾಂಬರ್ ಸರಿಯಾಗಬೇಕೆಂದರೆ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಇರುವ ಕಂಬ), ನಕಲ್ (ಗಾಲಿ ಕೂರುವ ಲೋಹದ ಭಾಗ), ಲೋವರ್ ಆರ್ಮ್ ಇವುಗಳಲ್ಲಿ ಯಾವುದೋ ಬದಲಾಗಬೇಕು. ಹಿಂದೆ ಟಾರ್ಷನ್ ಬೀಮ್ (ಎರಡೂ ಗಾಲಿಗೆ ಒಂದೇ ಅಡ್ಡ ತೊಲೆ) ಇರುವ ಕಾರುಗಳಲ್ಲಿ ತಿರುಗಿಸಲು ಏನೂ ಇರುವುದಿಲ್ಲ. ಅಲ್ಲಿ ಕೆಂಪು ಬಂದು, ಬಡಿದ ಗುರುತು ಇಲ್ಲದಿದ್ದರೆ ಅದು ನೇರವಾಗಿ ವಾಹನ ವಾರಂಟಿಯ ವಿಷಯ. ನಿಮ್ಮ ಹಿಂದಿನ ಟೈರ್ ಸಮವಾಗಿ ಸವೆದಿರುವುದರಿಂದ ಆ ಭಯ ಕಡಿಮೆ.

ಯಂತ್ರ ಹತ್ತಿರವಿಲ್ಲದ ಊರಿನವರು ಟೇಪಿನಲ್ಲೂ ಟೋ ಅಂದಾಜಿಸಬಹುದು. ಸಮ ನೆಲದಲ್ಲಿ ಸ್ಟಿಯರಿಂಗ್ ನೇರ ಹಿಡಿದು ಗಾಡಿಯನ್ನು ಎರಡು ಮೀಟರ್ ಮುಂದಕ್ಕೆ ಉರುಳಿಸಿ ನಿಲ್ಲಿಸಿ. ಎರಡೂ ಮುಂದಿನ ಟೈರಿನ ಮುಂಭಾಗದಲ್ಲಿ, ಅಚ್ಚಿನ ಎತ್ತರಕ್ಕೆ ಆದಷ್ಟು ಹತ್ತಿರ, ನಕ್ಷೆಯ ಒಂದೇ ಉದ್ದ ಕಾಲುವೆಯ ಅಂಚಿನಲ್ಲಿ ಚಾಕಿನ ಗುರುತು ಹಾಕಿ. ಇಬ್ಬರು ಟೇಪ್ ಹಿಡಿದು ಗುರುತಿನಿಂದ ಗುರುತಿಗೆ ಅಳೆಯಿರಿ. ಗಾಡಿಯನ್ನು ಮುಂದಕ್ಕೇ ಅರ್ಧ ಸುತ್ತು ಉರುಳಿಸಿ, ಅವೇ ಗುರುತುಗಳು ಹಿಂಬದಿಗೆ ಅದೇ ಎತ್ತರಕ್ಕೆ ಬಂದಾಗ ಮತ್ತೆ ಅಳೆಯಿರಿ. ಹಿಂದಕ್ಕೆ ತಳ್ಳಬಾರದು, ಸಸ್ಪೆನ್ಷನ್ನಿನ ಸಡಿಲು ಅಳತೆ ಕೆಡಿಸುತ್ತದೆ. ಮುಂದಿನ ಅಳತೆ ಹೆಚ್ಚಿದ್ದರೆ ಟೋ-ಔಟ್. ಮುಂಗಾಲಿ ಎಳೆಯುವ ಹೆಚ್ಚಿನ ಕಾರುಗಳಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿರಬೇಕು. ನಾಲ್ಕೈದು ಮಿಲಿಮೀಟರ್ ಬಂದರೆ ಸಂಶಯಕ್ಕೆ ಎಡೆಯಿಲ್ಲ. ಈ ಅಳತೆಯನ್ನು ಯಾರ ಮುಂದೆಯೂ ದಾಖಲೆಯೆಂದು ಇಡಲಾಗದು, ನಿಮ್ಮ ತಿಳಿವಳಿಕೆಗೆ ಮಾತ್ರ.

ಇನ್ನು ಟೈರ್ ಕಂಪನಿ. ಡೀಲರ್ ಅಲ್ಲಿಗೆ ಕಳಿಸಿದರೆ ಬೇಸರ ಮಾಡಿಕೊಳ್ಳದೆ ಹೋಗಿ. ಅವರ ಇಂಜಿನಿಯರ್ ಟೈರ್ ನೋಡಿ ಕ್ಲೇಮ್ ತಿರಸ್ಕರಿಸುತ್ತಾರೆ, ಬಹುಶಃ ‘ಅಲೈನ್‌ಮೆಂಟ್ ತಪ್ಪಿನಿಂದಾದ ಯಾಂತ್ರಿಕ ಸವೆತ’ ಎಂದು ಕಾರಣ ಬರೆಯುತ್ತಾರೆ. ಅದನ್ನು ಬರಹದಲ್ಲಿ ತಗೊಳ್ಳಿ. ಸೋತಂತೆ ಕಾಣುವ ಆ ಒಂದು ಹಾಳೆ ಡೀಲರ್ ವಿರುದ್ಧ ನಿಮಗೆ ಸಿಗುವ ಅತ್ಯುತ್ತಮ ಕಾಗದ. ಟೈರ್ ಬಲ್ಲ ಮೂರನೆಯವರು ‘ಟೈರಿನಲ್ಲಿ ದೋಷವಿಲ್ಲ, ಗಾಡಿಯಲ್ಲಿದೆ’ ಎಂದು ಬರೆದುಕೊಟ್ಟಂತೆ. ಟೈರಿನ ಪಕ್ಕೆಯ ಮೇಲಿನ ಪೂರ್ತಿ ಸಂಖ್ಯೆಯನ್ನೂ ಫೋಟೋ ಹಿಡಿದಿಡಿ. ಅದರ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ: 2324 ಎಂದರೆ 2024ರ 23ನೇ ವಾರ.

ಡೀಲರ್ ಹೊಣೆಯ ಬಗ್ಗೆ ನನ್ನ ತೀರ್ಮಾನ ಹೀಗೆ. ಡೆಲಿವರಿಯಿಂದಲೇ ಸ್ಟಿಯರಿಂಗ್ ವಾಲಿತ್ತು ಎಂಬುದು ನಿಜವಾದರೂ ನಿಮ್ಮ ಬಳಿ ಬರಹವಿಲ್ಲ, ಅದು ನಿಮ್ಮ ವಾದದ ಸೊಟ್ಟ ಕಾಲು. ಮೊದಲ ಸರ್ವಿಸಿನ ಜಾಬ್ ಕಾರ್ಡ್ ಪ್ರತಿ ಕೇಳಿ ನೋಡಿ, ಸಲಹೆಗಾರರು ಏನಾದರೂ ಬರೆದುಕೊಂಡಿರಬಹುದು. ಆ ವಾರದ ವಾಟ್ಸಾಪ್ ಸಂದೇಶ, ಡೆಲಿವರಿ ದಿನದ ವಿಡಿಯೋದಲ್ಲಿ ಸ್ಟಿಯರಿಂಗ್ ಕಂಡಿದ್ದರೆ ಅದೂ ಬರುತ್ತದೆ. ಆದರೆ 10,000ದ ಸರ್ವಿಸ್ ವಿಷಯದಲ್ಲಿ ಡೀಲರ್ ತಪ್ಪಿಸಿಕೊಳ್ಳುವುದು ಕಷ್ಟ. ಹೆಚ್ಚಿನ ಜಾಬ್ ಕಾರ್ಡ್‌ಗಳಲ್ಲಿ ಟೈರ್ ಸ್ಥಿತಿಗೆ ಒಂದು ಅಂಕಣವೇ ಇರುತ್ತದೆ. ಅಷ್ಟು ಹೊತ್ತಿಗೆ ಒಳ ಅಂಚು ಅರ್ಧಕ್ಕಿಂತ ಹೆಚ್ಚು ಹೋಗಿರಬೇಕು. ಗಾಲಿ ಬಿಚ್ಚದೆ ಬ್ಯಾಲೆನ್ಸಿಂಗ್ ಆಗುವುದಿಲ್ಲ, ಬಿಚ್ಚಿದವರಿಗೆ ಅದು ಕಾಣದೆ ಇರುವುದಿಲ್ಲ. ಕಂಡೂ ಹೇಳಲಿಲ್ಲ ಅಥವಾ ಬಿಚ್ಚಲೇ ಇಲ್ಲ, ಎರಡರಲ್ಲಿ ಯಾವುದಾದರೂ ಸೇವೆಯ ನ್ಯೂನತೆಯೇ.

ಎಷ್ಟು ಕೇಳಬೇಕು? ಪೂರ್ತಿ 16 ಸಾವಿರ ಕೇಳಿದರೆ ಅತಿಯಾಗುತ್ತದೆ, ಕೊಡುವುದೂ ಇಲ್ಲ. ಬಳಸಬಹುದಾದ ರಬ್ಬರ್ ಎಂದರೆ 7.5ರಲ್ಲಿ ಕಾನೂನಿನ ಕನಿಷ್ಠ 1.6 ಕಳೆದು 5.9 ಮಿ.ಮೀ. ನ್ಯಾಯವಾದ ಸವೆತ ನಡುಭಾಗದ್ದು, 2.2. ಅದು ನೂರರಲ್ಲಿ 37 ಪಾಲು, ನೀವು ಅನುಭವಿಸಿದ್ದು. ಉಳಿದ 63 ಪಾಲು ನಿಮ್ಮ ಕೈತಪ್ಪಿ ಹೋದದ್ದು. 16,000ಕ್ಕೆ ಅದು ಸುಮಾರು 10,000 ರೂಪಾಯಿ. ಇದರ ಜೊತೆ 10,000ದ ಬಿಲ್ಲಿನ ಮೂರು ಬಾಬುಗಳ ಹಣ, ಈಗಿನ ಅಲೈನ್‌ಮೆಂಟ್ ಉಚಿತ, ಭಾಗ ಬಾಗಿದ್ದರೆ ವಾರಂಟಿಯಲ್ಲಿ ಬದಲಾವಣೆ. ಲೆಕ್ಕವಿಟ್ಟು ಕೇಳಿದ 10 ಸಾವಿರ, ಸಿಟ್ಟಿನಲ್ಲಿ ಕೇಳಿದ 16 ಸಾವಿರಕ್ಕಿಂತ ಬೇಗ ಕೈಗೆ ಬರುತ್ತದೆ. ಇದೇ ವೇಗದಲ್ಲಿ ಸರಿಯಾಗಿ ಸವೆದಿದ್ದರೆ ಆ ಟೈರ್ 36,000 ಕಿ.ಮೀ.ವರೆಗೆ ಬರುತ್ತಿತ್ತು ಎಂದೂ ಬರೆಯಬಹುದು.

ಪತ್ರ ಹೀಗಿರಲಿ, ಉದ್ದ ಬೇಡ. ಡೀಲರ್‌ನ ವರ್ಕ್ಸ್ ಮ್ಯಾನೇಜರ್ ಹೆಸರಿಗೆ ಸ್ಪೀಡ್ ಪೋಸ್ಟ್, ಪ್ರತಿ ಕಾರು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್:

‘ಗಾಡಿ ನಂಬರ್, ಚಾಸಿ ನಂಬರ್, ಖರೀದಿ ದಿನಾಂಕ ಇಂತಿಂಥದು. 13,400 ಕಿ.ಮೀ.ಗೆ ಮುಂದಿನ ಎರಡೂ ಟೈರ್ ಒಳ ಅಂಚಿನಲ್ಲಿ 1.4 ಮತ್ತು 1.9 ಮಿ.ಮೀ.ಗೆ ಇಳಿದಿವೆ, ಉಳಿದ ಭಾಗ 5.2 ಅಥವಾ ಅದಕ್ಕಿಂತ ಹೆಚ್ಚಿದೆ. ಇಂಥ ದಿನಾಂಕದ ಜಾಬ್ ಕಾರ್ಡಿನಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ರೊಟೇಷನ್ನಿಗೆ ಹಣ ಪಡೆದಿದ್ದೀರಿ. ಆ ದಿನದ ಅಲೈನ್‌ಮೆಂಟ್ ಪ್ರಿಂಟ್ ಕೊಡಿ. ನನ್ನ ಸಮ್ಮುಖದಲ್ಲಿ ಗಾಡಿ ಪರೀಕ್ಷಿಸಿ, ಸರಿಮಾಡುವ ಮೊದಲಿನ ಅಳತೆ ಮತ್ತು ಸವೆತದ ಕಾರಣವನ್ನು ಬರಹದಲ್ಲಿ ಕೊಡಿ. ಕಂಪನಿಯ ಏರಿಯಾ ಸರ್ವಿಸ್ ಪ್ರತಿನಿಧಿ ಹಾಜರಿರಲಿ. ಪರಿಹಾರದ ಲೆಕ್ಕ ಲಗತ್ತಿಸಿದೆ. 15 ದಿನದೊಳಗೆ ಉತ್ತರ ಕೋರುತ್ತೇನೆ.’

ಬೈಗುಳ, ಸೋಷಿಯಲ್ ಮೀಡಿಯಾದ ಬೆದರಿಕೆ ಬೇಡ. ಜಂಟಿ ಪರೀಕ್ಷೆಯ ದಿನ ನಿಮ್ಮ ಹೊರಗಿನ ಪ್ರಿಂಟನ್ನು ಮೊದಲೇ ತೋರಿಸಬೇಡಿ. ಅವರ ಯಂತ್ರದ ಅಳತೆ ಬಂದ ಮೇಲೆ ಪಕ್ಕದಲ್ಲಿಡಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ, ಏಕೆಂದರೆ ದೂರು ಕಂಪನಿಯ ಮೇಲಿನವರ ಮೇಜಿಗೆ ಹೋಗುತ್ತದೆ. ಅದೂ ಆಗದಿದ್ದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲೇ ವಿಚಾರಣೆ. 10ರಿಂದ 20 ಲಕ್ಷದ ಕಾರಿಗೆ ಶುಲ್ಕ 400 ರೂಪಾಯಿ. ಗಡುವು ಎರಡು ವರ್ಷ. ದೂರನ್ನು ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ಹಾಕಬಹುದು, ಹೈದರಾಬಾದಿನಲ್ಲೋ ಸೊಲ್ಲಾಪುರದಲ್ಲೋ ಕಾರು ತಂದ ಬೀದರ್, ಯಾದಗಿರಿಯವರಿಗೂ ಇದು ಅನ್ವಯ. ಗಾಡಿ ಬಾಡಿಗೆಗೆ ಓಡುತ್ತಿದ್ದರೆ, ಅದು ಸ್ವಂತ ದುಡಿಮೆಯ ಜೀವನೋಪಾಯ ಎಂದು ತೋರಿಸಬೇಕಾಗುತ್ತದೆ. ಡೀಲರ್, ಕಾರು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಸೇರಿಸಿ. ಡೀಲರ್ ಮಾಡಿದ ತಪ್ಪಿಗೆ, ಕಂಪನಿಗೆ ಅದು ಗೊತ್ತಿತ್ತು ಅಥವಾ ಹೊಣೆ ಹೊರುವ ಒಪ್ಪಂದವಿತ್ತು ಎಂದು ತೋರಿಸದೆ ಕಂಪನಿಯನ್ನು ಹೊಣೆಯಾಗಿಸಲಾಗದು ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ದರಿಂದ ಸರ್ವಿಸಿನ ತಪ್ಪನ್ನು ಡೀಲರ್ ಮೇಲೆ, ಭಾಗದ ದೋಷವಿದ್ದರೆ ಅದನ್ನು ಕಂಪನಿಯ ಮೇಲೆ, ಬೇರೆಬೇರೆಯಾಗಿ ಬರೆಯಬೇಕು. ‘ತಯಾರಿಕಾ ದೋಷ’ ಎಂಬ ಪದವನ್ನು ಪರಿಣತರ ವರದಿಯಿಲ್ಲದೆ ಬಳಸಬೇಡಿ. ಎಷ್ಟೋ ದೂರುಗಳು ಬಿದ್ದುಹೋಗುವುದು ಆ ಒಂದು ಪದವನ್ನು ಸಾಬೀತು ಮಾಡಲಾಗದೆ. ನಿಮ್ಮ ಪ್ರಕರಣದಲ್ಲಿ ಅದು ಬೇಕಾಗಿಯೂ ಇಲ್ಲ.

ಇಷ್ಟೆಲ್ಲ ನಡೆಯುವ ತನಕ 1.4 ಮಿ.ಮೀ. ಟೈರಿನಲ್ಲಿ ಓಡಾಡಬೇಡಿ. 1.6ರ ಕೆಳಗೆ ಕಾನೂನಿಗೂ ಸಲ್ಲದು, ಕಾದ ಹೆದ್ದಾರಿಯಲ್ಲಿ ಹೈದರಾಬಾದಿಗೆ ಹೋಗುವುದಂತೂ ಬೇಡವೇ ಬೇಡ. ಟೈರಿನ ಟಿಡಬ್ಲ್ಯುಐ (ಸವೆತದ ಮಿತಿ ತೋರಿಸುವ) ಗುರುತು ನೋಡಿ ಸಮಾಧಾನಪಡಬೇಡಿ, ಅದರ ದಿಣ್ಣೆಗಳು ಮುಖ್ಯ ಕಾಲುವೆಗಳಲ್ಲಿರುತ್ತವೆ, ಭುಜದ ಸವೆತವನ್ನು ತೋರಿಸುವುದಿಲ್ಲ. ಹೊರಗಿನ ಪ್ರಿಂಟ್ ಮತ್ತು ಫೋಟೋ ಕೈಗೆ ಬಂದ ಮೇಲೆ, ಜಂಟಿ ಪರೀಕ್ಷೆಗೆ ವಾರಕ್ಕಿಂತ ಹೆಚ್ಚು ತಡವಾಗುವುದಾದರೆ ಎರಡು ಹೊಸ ಟೈರ್ ಹಾಕಿಸಿಕೊಳ್ಳಿ, ಟೋ ಮಾತ್ರ ಮುಟ್ಟಿಸಬೇಡಿ. ಗಾಡಿ ಆದಷ್ಟು ಕಡಿಮೆ ಓಡಿಸಿ. ಅಳತೆ, ವೇಗದ ಗುರುತು, ಭಾರದ ಸಂಖ್ಯೆ ಹಳೆಯದರಷ್ಟೇ ಅಥವಾ ಮೇಲಿನದಿರಲಿ. ಹೊಸ ಜೋಡಿ ಹಿಂದಕ್ಕೆ, ಈಗ ಹಿಂದಿರುವ 6.4ರ ಜೋಡಿ ಮುಂದಕ್ಕೆ. ನಮ್ಮಲ್ಲಿ ಹೊಸದನ್ನು ಮುಂದೆ ಹಾಕುವ ರೂಢಿಯಿದೆ, ಆದರೆ ಮಳೆಯಲ್ಲಿ ಹಿಂಬದಿ ಜಾರಿದರೆ ಗಾಡಿ ಸುತ್ತಿಬಿಡುತ್ತದೆ, ಹಿಡಿತಕ್ಕೆ ಸಿಗುವುದಿಲ್ಲ. ಬಿಚ್ಚಿದ ಎರಡರ ಮೇಲೂ ‘ಮುಂದೆ ಎಡ’, ‘ಮುಂದೆ ಬಲ’ ಎಂದು ಬಿಳಿ ಬಣ್ಣದಲ್ಲಿ ಬರೆದು ಮನೆಯಲ್ಲಿಡಿ. ಬಿಲ್ಲಿನಲ್ಲಿ ‘ಹಳೆ ಟೈರ್ ಗ್ರಾಹಕರಿಗೆ ಹಿಂದಿರುಗಿಸಲಾಗಿದೆ’ ಎಂದು ಬರೆಸಿಕೊಳ್ಳಿ. ಅಲೈನ್‌ಮೆಂಟ್ ಸರಿಯಾದ ಮೇಲೆ 1,000 ಕಿ.ಮೀ. ಓಡಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ, ಮುಂದಿನ ಟೈರಿನ ಮೇಲೆ ಅಂಗೈ ಸವರಿ ನೋಡಿ. ಮತ್ತೆ ಒಂದು ದಿಕ್ಕಿಗೆ ಚುಚ್ಚಿದರೆ ಭಾಗವೇ ಬಾಗಿದೆ ಅಥವಾ ಸಡಿಲವಿದೆ ಎಂದು ಲೆಕ್ಕ. ಆಗ ಮತ್ತೆ ಸೆಟ್ಟಿಂಗ್ ಮಾಡಿಸದೆ ಟೈ ರಾಡ್, ಲೋವರ್ ಆರ್ಮ್ ಬಿಚ್ಚಿಸಿ ನೋಡಿಸಿ.